ನಲವತ್ತೈದು ನಿಮಿಷದ ಕರಾರು

ಏಪ್ರಿಲ್ 27, ಭಾನುವಾರ

ಈ ಪುಸ್ತಕವನ್ನು ಪಕ್ಕದ ಮನೆಯ ಗುನ್‌ಬ್ರಿಟ್ ಇವತ್ತು ಬೆಳಿಗ್ಗೆ ಬೇಲಿಯ ಮೇಲಿಂದ ದಾಟಿಸಿದರು. ಅವರಿಗೆ ಎಪ್ಪತ್ನಾಲ್ಕು ವರ್ಷ, ವಾರಕ್ಕೆ ಮೂರು ದಿನ ಓಡುತ್ತಾರೆ. ಓಡುವವರು ದಿನಚರಿ ಇಡಲೇಬೇಕೆಂಬುದು ಅವರ ವಾದ. ಪುಟದ ಮೇಲೆ ಮೂರು ಅಂಕಣ: ದಿನಾಂಕ, ದೂರ, ಹೇಗನಿಸಿತು. ಕೊನೆಯದಕ್ಕೆ ಒಂದಂಗುಲ ಜಾಗ. ಈ ದೇಶದವರಿಗೆ ಒಂದಂಗುಲ ಸಾಕಿರಬಹುದು. ನನಗೆ ಸಾಲದು, ಗೆರೆ ದಾಟಿ ಬರೆಯುತ್ತೇನೆ.

ನಾನು ಓಡುವವಳಾದದ್ದು ನಿನ್ನೆ ಸಂಜೆ, ಚಪಾತಿ ಲಟ್ಟಿಸುವ ಹೊತ್ತಿನಲ್ಲಿ. ಮಗಳು ಅಹನಾಗೆ ಮಾರ್ಚ್‌ನಲ್ಲಿ ಹದಿನೆಂಟು ತುಂಬಿತು. ಜೂನ್‌ಗೆ ಶಾಲೆ ಮುಗಿಯುತ್ತದೆ. ಮುಂದಿನ ಓದು ಇದೇ ಲಿಂಕೋಪಿಂಗ್‌ನ ಯೂನಿವರ್ಸಿಟಿಯಲ್ಲಿ. ಮನೆಯಿಂದಲೇ ಹೋಗಿಬರಬಹುದು ಎಂದು ನಾನು ನೆಮ್ಮದಿಯಾಗಿದ್ದೆ. ಅವಳು ತಟ್ಟೆ ಇಡುತ್ತಾ, ಆಗಸ್ಟ್‌ನಿಂದ ಗೆಳತಿ ಎಬ್ಬಾಳ ಜೊತೆ ರೀಡ್ ಬಡಾವಣೆಯಲ್ಲಿ ಮನೆ ಮಾಡುತ್ತೇನೆ, ಜುಲೈ ನಾಲ್ಕರೊಳಗೆ ಮನೆ ಮಾಲೀಕರಿಗೆ ಹೂಂ ಅನ್ನಬೇಕು ಎಂದಳು. ಉಪ್ಪಿನಕಾಯಿ ಬೇಕು ಅನ್ನುವ ದನಿಯಲ್ಲಿ.

ರೀಡ್ ನಮ್ಮ ಮನೆಯಿಂದ ಸೈಕಲ್ ದಾರಿಯಲ್ಲಿ ಹೆಚ್ಚುಕಡಿಮೆ ಐದು ಕಿಲೋಮೀಟರ್. ಬೇರೆ ಊರಾಗಿದ್ದರೆ ಹೊಟ್ಟೆಗೆ ಹಾಕಿಕೊಳ್ಳಬಹುದಿತ್ತು. ಒಂದೇ ಊರಿನಲ್ಲಿ ತಾಯಿಗೊಂದು ಅಡುಗೆಮನೆ, ಮದುವೆಯಾಗದ ಮಗಳಿಗೊಂದು ಅಡುಗೆಮನೆ ಅಂದರೆ ಜನ ಏನೆಂದುಕೊಳ್ಳುತ್ತಾರೆ? ಅನ್ನಕ್ಕೆ ನೀರೆಷ್ಟು ಎಂದು ಇವತ್ತಿಗೂ ನನ್ನನ್ನೇ ಕೇಳುವವಳು. ಒಬ್ಬಳೇ ಇರುವುದು ನಿನ್ನ ಕೈಲಾಗದು ಎಂದೆ. ಅವಳು ಮೊದಲು ಸ್ವೀಡಿಷ್‌ನಲ್ಲಿ ಸಿಟ್ಟಾದಳು. ಅವಳ ಸಿಟ್ಟೆಲ್ಲ ಸ್ವೀಡಿಷ್‌ನಲ್ಲೇ ಇರುತ್ತದೆ. ಆಮೇಲೆ ನನಗೆ ನಾಟಲಿ ಎಂದು ಕನ್ನಡಕ್ಕೆ ಬಂದಳು.

"ನನ್ ಕೈಲಾಗಲ್ಲ ಅಂತೀಯಲ್ಲಮ್ಮ, ನೀನು ಯಾವತ್ತಾದ್ರೂ ಒಬ್ಳೇ ಏನಾದ್ರೂ ಮಾಡಿದೀಯಾ? ಅಪ್ಪ ಇಲ್ದೆ, ನಾನಿಲ್ದೆ, ಐದು ಕಿಲೋಮೀಟರ್ ಎಲ್ಲಿಗಾದ್ರೂ ಹೋಗಿದೀಯಾ?"

ಉತ್ತರ ಹುಡುಕಿದೆ. ಆಫೀಸಿಗೆ ಇವರ ಕಾರು. ಅಂಗಡಿಗೆ ಅವಳ ಜೊತೆ. ಬೆಂಗಳೂರಿನಲ್ಲಿದ್ದಾಗ ಕಾಲೇಜಿಗೆ ಅಣ್ಣನ ಸ್ಕೂಟರು. ಉತ್ತರ ಸಿಗದಿದ್ದಾಗ ನಾನು ದನಿ ಏರಿಸುತ್ತೇನೆ, ದನಿ ಏರಿದ ಮೇಲೆ ಬಾಯಿಗೆ ಬಂದದ್ದು ನನ್ನ ಜವಾಬ್ದಾರಿಯಲ್ಲ. ಹೋಗಿ ತೋರಿಸುತ್ತೇನೆ, ನಡೆದುಕೊಂಡಲ್ಲ, ಓಡಿಕೊಂಡು, ಎಂದುಬಿಟ್ಟೆ.

ಅವಳು ತಕ್ಷಣ ಹಿಡಿದುಕೊಂಡಳು. ಅವಳ ಓಟದ ಕ್ಲಬ್ಬು ಜುಲೈ ಎರಡರ ಸಂಜೆ ಟಿನ್ನೆರೋ ಕಾಡಿನಲ್ಲಿ ಊರವರಿಗೆಲ್ಲ ಐದು ಕಿಲೋಮೀಟರ್ ಓಟ ಇಟ್ಟಿದೆ. ಅದನ್ನು ನಾನು, ಪಕ್ಕದಲ್ಲಿ ಯಾರೂ ಇಲ್ಲದೆ, ನಲವತ್ತೈದು ನಿಮಿಷದೊಳಗೆ ಮುಗಿಸಿದರೆ ಅವಳು ಮೊದಲ ವರ್ಷ ಪೂರ್ತಿ ಮನೆಯಲ್ಲಿರಬೇಕು. ಮುಗಿಸದಿದ್ದರೆ ಅವಳು ರೀಡ್‌ಗೆ, ನಾನು ಒಂದು ಮಾತೂ ಆಡಬಾರದು. ನಿಟ್ಟುಸಿರೂ ಬಿಡಬಾರದು ಎಂದು ಅವಳು ಸೇರಿಸಿದಳು. ಸಂಘಟಕರು ಕೊಟ್ಟ ಸಮಯವೇ ಪ್ರಮಾಣ, ಮನೆಯವರ ವಾಚು, ಮೊಬೈಲು ನಡೆಯುವುದಿಲ್ಲ ಎಂದು ನಾನು ಸೇರಿಸಿದೆ. ನಾನು ಸಾಫ್ಟ್‌ವೇರ್ ಟೆಸ್ಟರ್. ಇಪ್ಪತ್ತೆರಡು ವರ್ಷದಿಂದ ಬೇರೆಯವರ ತಪ್ಪು ಹುಡುಕುವುದೇ ನನ್ನ ಕಸುಬು. ಅಪ್ಪ ಮಗಳು ಒಂದಾದರೆ ವಾಚು ಏನು ಬೇಕಾದರೂ ತೋರಿಸುತ್ತದೆ ಎಂದು ಬಲ್ಲೆ.

ಕರಾರು ಫ್ರಿಜ್ಜಿನ ಮೇಲೆ ಅಂಟಿದೆ. ಸಾಕ್ಷಿಯಾಗಿ ಇವರ ಸಹಿ: ಪ್ರಹ್ಲಾದ. ನೀವು ಯಾರ ಕಡೆ ಎಂದು ಕೇಳಿದೆ. ಇಬ್ಬರ ಮಾತಿನಲ್ಲೂ ಅರ್ಥ ಇದೆ ಎಂದರು. ಅಡ್ಡಗೋಡೆಯ ಮೇಲೆ ದೀಪ ಇಡುವುದಕ್ಕೆ ಈ ಊರಿನಲ್ಲಿ ಕೋರ್ಸ್ ಇದ್ದರೆ ಇವರು ಪಾಠ ಹೇಳಬಹುದು.

ಮೇ 1, ಗುರುವಾರ

ಓಡಿದೆ. ಒಬ್ಬಳೇ ಸೈಕಲ್ ದಾರಿಯಲ್ಲಿ ಹೋಗಲು ಒಂಥರಾ ಅನಿಸಿ, ಇವರನ್ನು ಸೈಕಲ್ಲಿನಲ್ಲಿ ಹಿಂದೆ ಬರಲು ಹೇಳಿದ್ದೆ. ಅಭ್ಯಾಸಕ್ಕೆ ಕರಾರು ಅನ್ವಯಿಸುವುದಿಲ್ಲ, ಓದಿ ನೋಡಿದ್ದೇನೆ. ಸೈಕಲ್ಲು ಇಷ್ಟು ನಿಧಾನಕ್ಕೆ ನಿಲ್ಲುವುದಿಲ್ಲ ಕಣೇ, ಬಿದ್ದುಹೋಗುತ್ತೆ ಎಂದು ಇವರು ಇಳಿದು ತಳ್ಳಿಕೊಂಡು ಬಂದರು. ತಳ್ಳಿಕೊಂಡೂ ನನ್ನನ್ನು ದಾಟಿದರು.

ಅಂಚೆಪೆಟ್ಟಿಗೆಗಳ ಸಾಲಿನ ಹತ್ತಿರ ನನ್ನ ಉಸಿರು ಮುಗಿಯಿತು. ಬಾಗಿಲಿನಿಂದ ಅಲ್ಲಿಗೆ ಇನ್ನೂರ ಹತ್ತು ಮೀಟರ್. ಉಳಿದದ್ದು ನಾಲ್ಕು ಸಾವಿರದ ಏಳುನೂರ ತೊಂಬತ್ತು.

ಮೇ 3, ಶನಿವಾರ

ಮೆಟ್ಟಿಲು ಇಳಿಯಲಾಗುತ್ತಿಲ್ಲ. ಹತ್ತಲೂ ಆಗುತ್ತಿಲ್ಲ. ಅಹನಾ ಏನೂ ಕೇಳದೆ ಕಾಫಿ ಮೇಲಕ್ಕೇ ತಂದುಕೊಟ್ಟಳು. ಮುಖದಲ್ಲಿ ನಗು ಇರಲಿಲ್ಲ. ನಗು ಅಡಗಿಸುವುದನ್ನು ಅಪ್ಪನಿಂದ ಕಲಿತಿದ್ದಾಳೆ.

ಮೇ 8, ಗುರುವಾರ

ಬೂಟು ಸರಿಯಿಲ್ಲ ಎಂದು ಗುನ್‌ಬ್ರಿಟ್ ಹತ್ತಿರ ದೂರು ಹೇಳಿದೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂಬ ಗಾದೆ ಅವರಿಗೆ ಗೊತ್ತಿಲ್ಲ, ಆದರೆ ನೋಟ ಅದೇ ಇತ್ತು. ನನ್ನ ಬೂಟು ನೋಡಿದರು, ನನ್ನನ್ನು ನೋಡಿದರು, ಬೂಟಿನದೇನೂ ತಪ್ಪಿಲ್ಲ ಎಂದು ತೀರ್ಪು ಕೊಟ್ಟರು.

ಆಮೇಲೆ ಇಲ್ಲಿಯವರ ಒಂದು ಉಪಾಯ ಹೇಳಿಕೊಟ್ಟರು. ಕಿಲೋಮೀಟರು ಲೆಕ್ಕ ಹಾಕಬಾರದು, ದೀಪದ ಕಂಬ ಲೆಕ್ಕ ಹಾಕಬೇಕು. ಒಂದು ಕಂಬದವರೆಗೆ ಓಟ, ಮುಂದಿನ ಕಂಬದವರೆಗೆ ನಡಿಗೆ. ಮರುವಾರ ಎರಡು ಓಟ, ಒಂದು ನಡಿಗೆ. ನಾನೂ ಬರಲಾ ಎಂದು ಅವರು ಕೇಳಲಿಲ್ಲ, ನೀವೂ ಬನ್ನಿ ಎಂದು ನಾನು ಹೇಳುವಷ್ಟರಲ್ಲಿ ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ಎಪ್ಪತ್ನಾಲ್ಕರಲ್ಲಿ ಇಷ್ಟು ಒಂಟಿಯಾಗಿ, ಇಷ್ಟು ಗಟ್ಟಿಮುಟ್ಟಾಗಿ ಇರುವುದು ಹೇಗೋ.

ಇವರಿಗೆ ಆಫೀಸಿನ ಮೀಟಿಂಗ್ ಇತ್ತು. ಒಬ್ಬಳೇ ಹೋದೆ. ದಾರಿಯಲ್ಲಿ ಅಹನಾಗೆ ಎರಡು ಸಲ, ಇವರಿಗೆ ಒಂದು ಸಲ ಫೋನ್ ಮಾಡಿದೆ. ಹನ್ನೆರಡು ಕಂಬ.

ಮೇ 22, ಗುರುವಾರ

ಓಟಕ್ಕೆ ಹೆಸರು ಕೊಟ್ಟೆ. ಎರಡು ವರ್ಗ ಇತ್ತು. ಮೊದಲನೆಯದರಲ್ಲಿ ಹುಟ್ಟಿದ ದಿನಾಂಕ ಕೇಳುತ್ತಾರೆ, ವಯಸ್ಸಿನ ಗುಂಪು ಮಾಡುತ್ತಾರೆ. ನನ್ನ ಗುಂಪು ಕೆ 45, ಅಂದರೆ ನಲವತ್ತೈದು ದಾಟಿದ ಹೆಂಗಸರು. ಫಲಿತಾಂಶವನ್ನು ಹಾಗೇ ಇಂಟರ್ನೆಟ್ಟಿಗೆ ಹಾಕುತ್ತಾರಂತೆ. ನಲವತ್ತೆಂಟಾಗಿದೆ ಎಂದು ನಾನು ಯಾಕೆ ಊರಿಗೆಲ್ಲ ಡಂಗುರ ಸಾರಲಿ? ಆಫೀಸಿನ ನಿವೇದಿತಾ ನನಗೆ ನಲವತ್ತೆರಡು ಅಂದುಕೊಂಡಿದ್ದಾಳೆ, ನಾನು ತಿದ್ದಿಲ್ಲ.

ಎರಡನೆಯದು ಮರ್ಯಾದಸ್ಥರ ವರ್ಗ. ಹೆಸರು ಮಾತ್ರ ಸಾಕು, ಆರರಿಂದ ಏಳರೊಳಗೆ ಯಾವಾಗ ಬೇಕಾದರೂ ಹೊರಡಬಹುದು. ಕೆಳಗೆ ಸಣ್ಣಕ್ಷರದಲ್ಲಿ ಆರು ಸಾಲು ಸ್ವೀಡಿಷ್ ಇತ್ತು. ಕನ್ನಡಕ ಮಹಡಿಯ ಮೇಲಿತ್ತು, ಕಾಲು ನೋಯುತ್ತಿತ್ತು. ಗುರುತು ಹಾಕಿ ಕಳಿಸಿದೆ.

ಮೂವತ್ತೊಂದು ಕಂಬ. ಫೋನ್ ಒಂದೇ ಸಲ.

ಜೂನ್ 5, ಗುರುವಾರ

ಇವತ್ತು ಅಹನಾಳ ಶಾಲೆ ಮುಗಿಯಿತು. ಬಿಳಿ ಟೋಪಿ ಹಾಕಿದ ಮಕ್ಕಳು ಶಾಲೆಯ ಬಾಗಿಲಿನಿಂದ ಅಣೆಕಟ್ಟು ಒಡೆದಂತೆ ಹೊರಗೆ ನುಗ್ಗಿದರು. ನಾವು ಉಳಿದ ತಂದೆತಾಯಿಗಳ ಹಾಗೆ ಅವಳ ನಾಲ್ಕು ವರ್ಷದ ಫೋಟೋವನ್ನು ಕೋಲಿಗೆ ಕಟ್ಟಿ ಎತ್ತಿ ಹಿಡಿದಿದ್ದೆವು. ಈ ದೇಶಕ್ಕೆ ಬಂದ ವಾರ ತೆಗೆದದ್ದು, ಡಾಗಿಸ್‌ನ, ಅಂದರೆ ಇಲ್ಲಿಯ ಶಿಶುವಿಹಾರದ, ಮೊದಲ ದಿನ. ಮೂಗು ಸೋರುತ್ತಿದೆ, ನನ್ನ ಚೂಡಿದಾರದ ತುದಿ ಹಿಡಿದಿದ್ದಾಳೆ. ಅವಳು ಆ ಫೋಟೋ ಹುಡುಕಿಕೊಂಡು ಓಡಿ ಬಂದಳು. ನನ್ನನ್ನು ತಬ್ಬಿದಳು. ಎರಡು ನಿಮಿಷದಲ್ಲಿ, ಇಲ್ಲಿಯ ಪದ್ಧತಿಯಂತೆ, ಗೆಳತಿಯರ ಜೊತೆ ಲಾರಿ ಹತ್ತಿ, ಕಿರುಚುತ್ತಾ, ಊರು ಸುತ್ತಲು ಹೋದಳು.

ಆ ಡಾಗಿಸ್‌ನ ಬಾಗಿಲಲ್ಲಿ ಅವಳು ಅಳಲಿಲ್ಲ, ನಾನು ಅತ್ತೆ. ಅಲ್ಲಿನ ಟೀಚರ್ ನನಗೆ ಕಾಫಿ ಕೊಟ್ಟು ಕೂರಿಸಿದ್ದರು. ಅದನ್ನು ಇವತ್ತು ಇವರು ಬಂದವರಿಗೆಲ್ಲ ಹೇಳಿ ನಗಿಸಿದರು. ನಾನೂ ನಕ್ಕೆ. ಆಮೇಲೆ ಬಚ್ಚಲಿಗೆ ಹೋಗಿ ಸ್ವಲ್ಪ ಅತ್ತೆ.

ಸಂಜೆ ಅವಳು ಪಾರ್ಟಿಗೆ ಹೋದ ಮೇಲೆ ಮನೆ ಬಣಬಣ ಅಂದಿತು. ಬೂಟು ಹಾಕಿಕೊಂಡು ಹೊರಟೆ. ಎಷ್ಟು ಕಂಬವಾಯಿತೋ ಎಣಿಸಲಿಲ್ಲ. ವಾಪಸ್ಸು ಬಂದಾಗ ಇವರು ಅಂಗಳದಲ್ಲಿ ನಿಂತಿದ್ದರು. ಫೋನು ಅಡುಗೆಮನೆಯಲ್ಲೇ ಬಿಟ್ಟುಹೋಗಿದ್ದೆನಂತೆ. ಗಾಬರಿಯಾಗಿದ್ದರು, ಪಾಪ. ಚಾರ್ಜಿಗೆ ಹಾಕಿ ಮರೆತಿದ್ದೆ, ಅಷ್ಟೇ.

ಜೂನ್ 21, ಶನಿವಾರ

ಇಲ್ಲಿಯವರ ಮಿಡ್‌ಸಮ್ಮರ್ ಹಬ್ಬದ ಲೆಕ್ಕದಲ್ಲಿ ಊರಿನ ಕನ್ನಡದವರೆಲ್ಲ ಕೆರೆ ದಂಡೆಯಲ್ಲಿ ಸೇರಿದ್ದೆವು. ಚಿತ್ರಾನ್ನ, ಕೋಸಂಬರಿ, ಸ್ಟ್ರಾಬೆರಿ ಕೇಕು, ಹನಿ ಮಳೆ. ನಾನು ಓಡುತ್ತಿರುವುದನ್ನು ಇವರು ಎಲ್ಲರಿಗೂ ಹೇಳಿಬಿಟ್ಟಿದ್ದಾರೆ. ಊರಿಗೆ ಉಪಕಾರಿ. ಒಬ್ಬರು ಮಂಡಿ ಜೋಪಾನ ಎಂದರು, ಇನ್ನೊಬ್ಬರು ಈ ವಯಸ್ಸಿನಲ್ಲಿ ಬೇಕಾ ಎಂದರು.

ನನಗೆ ಅಂಥಾ ವಯಸ್ಸೇನಾಗಿದೆ ಎಂದೆ. ನಿವೇದಿತಾ ಮೊಬೈಲಿನಲ್ಲಿ ನನ್ನ ಹೆಸರು ಒತ್ತಿ, ಆಗಸ್ಟ್‌ಗೆ ನಲವತ್ತೊಂಬತ್ತಾಗುತ್ತೆ ಮೇಡಂ, ಎಂದಳು. ಈ ದೇಶದಲ್ಲಿ ಯಾರ ಹೆಸರು ಒತ್ತಿದರೂ ವಯಸ್ಸು, ವಿಳಾಸ, ಹುಟ್ಟಿದ ತಾರೀಖು, ಮನೆಯಲ್ಲಿ ಯಾರಿದ್ದಾರೆ, ಎಲ್ಲ ಬರುತ್ತದಂತೆ. ಹದಿನಾಲ್ಕು ವರ್ಷದಿಂದ ಬಟ್ಟೆಯೊಳಗೆ ಮುಚ್ಚಿಟ್ಟ ಗಂಟು ನಡುಬೀದಿಯಲ್ಲೇ ಬಿಚ್ಚಿ ಬಿದ್ದಿತ್ತು. ನಿನಗೆ ಮೊದಲೇ ಗೊತ್ತಿತ್ತಾ ಎಂದು ಕೇಳಿದೆ. ಮೂರು ವರ್ಷದಿಂದ ಗೊತ್ತು, ನಿಮಗೆ ಖುಷಿಯಾಗಲಿ ಅಂತ ಸುಮ್ಮನಿದ್ದೆ ಎಂದಳು.

ಸಂಜೆ ಅಲ್ಲಿಂದ ಮನೆಯವರೆಗೆ ಕಾರು ಹತ್ತದೆ ಓಡಿಕೊಂಡೇ ಬಂದೆ. ಸಿಟ್ಟಿಗೆ ಕಾಲು ಚೆನ್ನಾಗಿ ಬರುತ್ತದೆ. ಕಾಡಿನ ನಡುವೆ ದನ ಮೇಯುತ್ತಿದ್ದವು. ಒಂದು ನನ್ನನ್ನೇ ನೋಡುತ್ತಾ ಬಹಳ ಹೊತ್ತು ಮೆಲುಕು ಹಾಕಿತು. ಅದಕ್ಕೂ ನನ್ನ ವಯಸ್ಸು ಗೊತ್ತಿತ್ತೇನೋ.

ಜೂನ್ 28, ಶನಿವಾರ

ಬೆಳಿಗ್ಗೆ ಬಾಗಿಲಲ್ಲಿ ಕೂತು ಲೇಸು ಕಟ್ಟುತ್ತಿದ್ದೆ. ಅಹನಾ ಬಂದು ನಿಂತು ನೋಡಿದಳು. ಹಾಗೆ ಕಟ್ಟಿದರೆ ಹಿಮ್ಮಡಿ ಜಾರುತ್ತದೆ, ಉಗುರು ಕಪ್ಪಾಗುತ್ತದೆ ಎಂದಳು. ಆಗಲೇ ಎರಡು ಕಪ್ಪಾಗಿವೆ ಎಂದು ನಾನು ಹೇಳಲಿಲ್ಲ. ಅವಳು ನೆಲಕ್ಕೆ ಮಂಡಿಯೂರಿ, ಲೇಸು ಪೂರ್ತಿ ಬಿಚ್ಚಿ, ಮೇಲಿನ ಕೊನೆಯ ತೂತಿನಲ್ಲಿ ಒಂದು ಕುಣಿಕೆ ಮಾಡಿ ಬಿಗಿದು ಕಟ್ಟಿದಳು. ಅವಳ ಬೈತಲೆ ನೇರವಾಗಿರಲಿಲ್ಲ. ಸರಿಮಾಡಲು ಕೈ ಹೋಯಿತು, ವಾಪಸ್ಸು ತೆಗೆದೆ.

ಸೋಲಿಸಬೇಕಾದವಳ ಲೇಸು ಕಟ್ಟಿಕೊಡುವ ಇವಳು ಯಾವ ಸೀಮೆಯ ಎದುರಾಳಿ? ಬೂಟು ಮಾತ್ರ ಕಾಲಿಗೆ ಅಂಟಿಕೊಂಡಂತೆ ಕೂತಿತು. ಐದು ಕಿಲೋಮೀಟರ್, ನಡುವೆ ಐದು ಕಡೆ ನಡಿಗೆ. ಮನೆಯ ಗಡಿಯಾರದ ಪ್ರಕಾರ ನಲವತ್ತೇಳು ನಿಮಿಷ.

ಮಧ್ಯಾಹ್ನ ಅವಳು ಫೋನಿನಲ್ಲಿ ಎಬ್ಬಾಳ ಹತ್ತಿರ ಪರದೆಯ ಬಣ್ಣದ ಬಗ್ಗೆ ಮಾತಾಡುತ್ತಿದ್ದಳು. ನಾನು ಬಂದದ್ದು ನೋಡಿ ಬಾಗಿಲು ಮುಂದೆ ಮಾಡಿದಳು.

ಜುಲೈ 1, ಮಂಗಳವಾರ

ಇವರು ಹಾಕಿದ ಇಡ್ಲಿ ಹಿಟ್ಟು ಉಕ್ಕಿ ಕಟ್ಟೆಗೆ ಬಂದಿದೆ. ಶುಭಶಕುನ ಎಂದರು. ಯಾರಿಗೆ ಎಂದು ಕೇಳಿದೆ. ಇಡ್ಲಿಗೆ ಎಂದರು.

ಜುಲೈ 3, ಗುರುವಾರ

ನಿನ್ನೆ ಬರೆಯಲು ಕೈ ಏಳಲಿಲ್ಲ. ಇವತ್ತು ರಜೆ ಹಾಕಿದ್ದೇನೆ. ಎಲ್ಲ ಬರೆಯುತ್ತೇನೆ.

ಸಂಜೆ ಐದೂವರೆಗೆ ಮೈದಾನ ಸೇರಿದೆವು. ಬಿಸಿಲು ನಡುಹಗಲಿನಂತೆ ಇತ್ತು. ಮಕ್ಕಳು, ಮುದುಕರು, ಗಾಡಿಯಲ್ಲಿ ಕೂಸು ಮಲಗಿಸಿ ತಳ್ಳಿಕೊಂಡು ಓಡುವ ಗಂಡಸರು. ಅಹನಾ ಕ್ಲಬ್ಬಿನ ಹಳದಿ ಅಂಗಿ ಹಾಕಿ ನೀರಿನ ಮೇಜಿನ ಹಿಂದೆ ನಿಂತಿದ್ದಳು. ಆ ಮೇಜು ಹೊರಡುವ ಗೆರೆಯ ಪಕ್ಕದಲ್ಲೇ. ಮೂರು ಕಿಲೋಮೀಟರಿಗೆ ದಾರಿ ಮತ್ತೆ ಅಲ್ಲಿಗೇ ಬಂದು, ಇನ್ನೊಂದು ಸುತ್ತು ಹಾಕಿ, ಅಲ್ಲಿಯೇ ಮುಗಿಯುತ್ತದೆ. ನನ್ನ ಎದೆಗೆ 212 ಎಂಬ ಚೀಟಿ ಚುಚ್ಚಿಕೊಟ್ಟರು. ತಾವೂ ಓಡಲು ಬಂದಿದ್ದ ಗುನ್‌ಬ್ರಿಟ್‌ರ ಚೀಟಿಯ ಹಿಂದೆ ಒಂದು ಕಪ್ಪು ಬಿಲ್ಲೆ ಇತ್ತು, ನನ್ನದಕ್ಕೆ ಇರಲಿಲ್ಲ. ಖಾಲಿಯಾಗಿರಬೇಕು ಎಂದುಕೊಂಡೆ. ನನ್ನಂಥ ಟೆಸ್ಟರ್ ಹಾಗೆ ಅಂದುಕೊಳ್ಳಬಾರದಿತ್ತು.

ಆರೂ ಹತ್ತಕ್ಕೆ ಹೊರಟೆ. ಮೊದಲ ಕಿಲೋಮೀಟರಿನಲ್ಲಿ ಎಲ್ಲರೂ ನನ್ನನ್ನು ದಾಟಿದರು. ತಳ್ಳುಗಾಡಿಯ ಕೂಸೊಂದು ದಾಟುವಾಗ ಕೈ ಬೀಸಿತು. ಎರಡನೆಯದರಲ್ಲಿ ಹೊಟ್ಟೆಯ ಪಕ್ಕ ಹಿಡಿಯಿತು. ನಡೆದುಬಿಡೋಣ ಎಂದುಕೊಂಡೆ, ಮುಂದಿನ ಕಂಬ ಬರಲಿ ಎಂದುಕೊಂಡೆ. ಆದರೆ ಕಾಡಿನಲ್ಲಿ ಕಂಬವಿಲ್ಲ. ಆದ್ದರಿಂದ ಓಡುತ್ತಲೇ ಇದ್ದೆ.

ಮೂರರಲ್ಲಿ ನೀರಿನ ಮೇಜು. ಅಹನಾ ಲೋಟ ಹಿಡಿದು ಮುಂದೆ ಬಂದಿದ್ದಳು. ಅವಳಿಗೆ ಬೇಕಾದದ್ದು ನಾನು ನಿಧಾನವಾಗುವುದು, ಅವಳು ಹೇಳಿದ್ದು ಮಾತ್ರ, "ಭುಜ ಕೆಳಗಿಳಿಸಮ್ಮ, ಚೆನ್ನಾಗಿ ಓಡ್ತಿದೀಯ." ಭುಜ ಇಳಿಸಿದೆ. ನಿಜವಾಗಿ ಹಗುರಾಯಿತು.

ನಾಲ್ಕನೆಯ ಕಿಲೋಮೀಟರಿನ ತಿರುವಿನಲ್ಲಿ ಹತ್ತು ಹನ್ನೆರಡು ಜನ ಸಾಲಾಗಿ, ಶಿಸ್ತಾಗಿ ನಿಂತಿದ್ದರು. ಓಟದ ನಡುವೆ ಕ್ಯೂ ಯಾಕಪ್ಪಾ ಎಂದು ಇಣುಕಿದರೆ, ದಾರಿಗೆ ಅಡ್ಡಲಾಗಿ ಮೂರು ಹಸು. ಒಬ್ಬರೂ ಮುಂದೆ ಹೋಗುವುದಿಲ್ಲ, ಒಬ್ಬರೂ ಕೂಗುವುದಿಲ್ಲ. ಹಸುಗಳಿಗೆ ತಾವೇ ಹೊರಡಬೇಕೆಂದು ಅನಿಸುವವರೆಗೆ ಕಾಯುವುದು ಇಲ್ಲಿಯ ಸಂಸ್ಕಾರವಿರಬೇಕು. ನಾನು ಚಾಮರಾಜಪೇಟೆಯಲ್ಲಿ ಬೆಳೆದವಳು. ಶಾಲೆಗೆ ಹೋಗುವ ದಾರಿಯಲ್ಲಿ ದಿನಕ್ಕೆ ನಾಲ್ಕು ಹಸುವನ್ನಾದರೂ ಸರಿಸಿದವಳು. ಸಾಲು ದಾಟಿ ಮುಂದೆ ಹೋಗಿ, ಮೊದಲನೆಯದರ ಬೆನ್ನಿಗೆ ಒಂದು ತಟ್ಟಿ, "ನಡಿಯೇ ತಾಯಿ, ಹೊತ್ತಾಯ್ತು" ಎಂದೆ. ನಡೆಯಿತು. ಉಳಿದೆರಡು ಅದರ ಹಿಂದೆ ಹೋದವು. ಈ ದೇಶದಲ್ಲಿ ಹುಟ್ಟಿ ಬೆಳೆದ ಹಸುಗಳು ನನ್ನ ಕನ್ನಡಕ್ಕೆ ಕೊಟ್ಟ ಮರ್ಯಾದೆಯನ್ನು ನಮ್ಮ ಮನೆಯಲ್ಲಿ ಯಾರೂ ಕೊಟ್ಟದ್ದು ನೆನಪಿಲ್ಲ. ಹಿಂದಿನಿಂದ ಚಪ್ಪಾಳೆ ಕೇಳಿಸಿತು.

ಅಲ್ಲಿಂದಾಚೆ ಏನಾಯಿತೋ ಹೇಗೆ ಬರೆಯಲಿ. ನನ್ನ ಮುಂದೆ ಯಾರೂ ಇರಲಿಲ್ಲ, ಪಕ್ಕದಲ್ಲೂ ಇರಲಿಲ್ಲ. ಓಕ್ ಮರಗಳ ನೆರಳು ಉದ್ದಕ್ಕೆ ಬಿದ್ದಿತ್ತು. ನನ್ನ ಉಸಿರು ನನಗೆ ಕೇಳಿಸುತ್ತಿತ್ತು. ಮನೆಯಲ್ಲಿ ಒಲೆ ಆರಿಸಿದೆನೋ ಇಲ್ಲವೋ ಎಂದು ಕೂಡ ಅನಿಸಲಿಲ್ಲ. ಖುಷಿಯಾಯಿತು, ಅಷ್ಟೇ.

ಗೆರೆ ದಾಟಿದೆ. ಯಾರೋ ಕೊರಳಿಗೆ ಪದಕ ಹಾಕಿದರು, ಇನ್ಯಾರೋ ಕೈಗೆ ದಾಲ್ಚಿನ್ನಿ ಬನ್ನು ಕೊಟ್ಟರು. ಗುನ್‌ಬ್ರಿಟ್ ಆಗಲೇ ಮೈ ಒರೆಸಿಕೊಂಡು ಬೆಂಚಿನ ಮೇಲೆ ಕೂತಿದ್ದರು. ಪಕ್ಕದಲ್ಲಿ ಕುಸಿದು ಕೂತು, ಬನ್ನು ಬಾಯಲ್ಲಿಟ್ಟುಕೊಂಡೇ, ಮುಂದಿನ ಓಟ ಯಾವಾಗ ಎಂದು ಕೇಳಿದೆ. ಸೆಪ್ಟೆಂಬರ್ ಕೊನೆಗೆ ಒಂದಿದೆ, ಹತ್ತು ಕಿಲೋಮೀಟರ್ ಎಂದರು. ಅದರ ದಾರಿ ಎಲ್ಲಿಂದ ಎಲ್ಲಿಗೆ ಎಂದು ಕೇಳುತ್ತಿದ್ದೆ. ಅಷ್ಟರಲ್ಲಿ ಅಹನಾ ಬಂದು ಎದುರಿಗೆ ನಿಂತಳು.

ಹಳದಿ ಅಂಗಿಯ ಮೇಲೆ ಶರಬತ್ತು ಚೆಲ್ಲಿಕೊಂಡಿದ್ದಳು. ಮುಖ ಸಣ್ಣದಾಗಿತ್ತು. ಕೈಗಡಿಯಾರ ನನ್ನ ಮುಂದೆ ಹಿಡಿದಳು.

"ನೀನು ಹೊರಟಾಗ ಒತ್ತಿದ್ದೆ. ಫಾರ್ಟಿ ತ್ರೀ, ಟ್ವೆಂಟಿ. ನೀನು ಗೆದ್ದೆ ಅಮ್ಮ. ಎಬ್ಬಾಗೆ ಇವತ್ತೇ ಬೇಡ ಅಂತ ಹೇಳ್ತೀನಿ."

ನನಗೆ ತಕ್ಷಣ ಅರ್ಥವಾಗಲಿಲ್ಲ. ಇದು ನಿಜ, ಇಲ್ಲಿ ಸುಳ್ಳು ಬರೆದು ಏನಾಗಬೇಕು. ಯಾವ ಎಬ್ಬಾ, ಏನು ಗೆದ್ದದ್ದು ಎಂದು ಒಂದು ಗಳಿಗೆ ಯೋಚಿಸಿದೆ. ಎರಡು ತಿಂಗಳು ಯಾವುದಕ್ಕಾಗಿ ಓಡಿದೆನೋ ಅದು ಕೊನೆಯ ಒಂದು ಕಿಲೋಮೀಟರಿನಲ್ಲಿ ಎಲ್ಲೋ ಬಿದ್ದುಹೋಗಿತ್ತು. ಅವಳು ಅಳುತ್ತಿರಲಿಲ್ಲ. ಡಾಗಿಸ್‌ನ ಬಾಗಿಲಲ್ಲೂ ಹೀಗೇ ನಿಂತಿದ್ದಳು. ಅವಳು ಆ ಗಡಿಯಾರ ತೋರಿಸಬೇಕಾಗಿರಲಿಲ್ಲ. ಸುಮ್ಮನಿದ್ದಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ, ಅದು ಆಮೇಲೆ ಗೊತ್ತಾಯಿತು.

ಸಂಘಟಕರ ಸಮಯ ನೋಡೋಣ ಎಂದು ಎದ್ದು ಮೇಜಿಗೆ ಹೋದೆ. ಅಲ್ಲಿದ್ದ ಹೆಂಗಸು ನನ್ನ 212 ನೋಡಿ ಬಹಳ ಸಂತೋಷದಿಂದ, ನಿಮ್ಮ ವರ್ಗಕ್ಕೆ ಸಮಯ ಇಲ್ಲ ಎಂದರು. ಎರಡನೆಯ ಸಲ ಕೇಳಿದೆ. ಮೊದಲನೆಯ ವರ್ಗಕ್ಕೆ ಬಿಲ್ಲೆ, ಸಮಯ, ಸ್ಥಾನ ಎಲ್ಲ ಇರುತ್ತದೆ. ಎರಡನೆಯದರಲ್ಲಿ ಓಡಿದರಾಯಿತು, ಅಳೆಯುವುದಿಲ್ಲ, ಮುಖ್ಯ ಏನೆಂದರೆ ನಿಮಗೆ ಖುಷಿಯಾಗಬೇಕು ಎಂದರು. ಆರು ಸಾಲು ಸಣ್ಣಕ್ಷರದಲ್ಲಿ ಇದ್ದದ್ದು ಇದೇ. ನಮ್ಮಲ್ಲಿ ಮೂರನೇ ಕ್ಲಾಸಿನ ನಿಂಬೆಹಣ್ಣು ಚಮಚದ ಓಟಕ್ಕೂ ಮೊದಲು ಬಂದವರು ಯಾರು ಎಂದು ಬರೆದಿಡುತ್ತಾರೆ. ಲೆಕ್ಕವಿಲ್ಲದ ಓಟವೂ ಇರುತ್ತದೆಂದು ನನಗೆ ಹೇಗೆ ಹೊಳೆಯಬೇಕು? ಎಲ್ಲರಿಗೂ ಗೊತ್ತಿದ್ದ ವಯಸ್ಸನ್ನು ಮುಚ್ಚಿಡಲು ಹೋಗಿ ನನ್ನ ಸಮಯವನ್ನೇ ಕಳೆದುಕೊಂಡಿದ್ದೆ.

ಮೇಜಿನಿಂದ ಬೆಂಚಿಗೆ ನಲವತ್ತು ಹೆಜ್ಜೆ ಇರಬಹುದು. ನಿಧಾನವಾಗಿ ನಡೆದೆ. ಇವರು ಬನ್ನು ತಿನ್ನುತ್ತಾ ಮರದ ಕಡೆ ನೋಡುತ್ತಿದ್ದರು, ಸಾಕ್ಷಿಯನ್ನು ಯಾರೂ ಕರೆಯದಿರಲಿ ಎಂಬಂತೆ.

"ಯಾರ ವಾಚು ಅದು?" ಎಂದು ಅಹನಾಳನ್ನು ಕೇಳಿದೆ.

"ನಂದು."

"ಮನೆಯವರ ವಾಚು ನಡೆಯಲ್ಲ. ಫ್ರಿಜ್ ಮೇಲೆ ಬರೆದಿದೆ. ಸಂಘಟಕರ ಹತ್ರ ನನ್ನ ಟೈಮೇ ಇಲ್ಲ. ನಮ್ಮ ಆಫೀಸಲ್ಲಿ ಸಾಬೀತಾಗದೇ ಇದ್ದದ್ದು ಪಾಸಲ್ಲ, ಫೇಲು."

ಅವಳು ನನ್ನ ತೋಳು ಹಿಡಿದಳು. "ಅಮ್ಮ, ನೀನು ಗೆದ್ದಿದೀಯ. ನಾನು ನೋಡಿದೀನಿ."

"ದಾಖಲೆ ತೋರ್ಸು."

ತೋರಿಸಲಿಲ್ಲ. ನನ್ನ ಕೊರಳಿಗೆ ಜೋತುಬಿದ್ದಳು. ಬೆವರುತ್ತಿದ್ದೇನೆ, ಬಿಡೇ ಎಂದೆ. ಬಿಡಲಿಲ್ಲ. ಅಳು ಬಂತು ನನಗೆ. ಜೋರಾಗಿಯೇ ಬಂತು. ಗುನ್‌ಬ್ರಿಟ್ ಒಂದು ಟವಲು ಕೊಟ್ಟು ಆಚೆ ತಿರುಗಿ ಕೂತರು. ಮನೆಗೆ ಬಂದ ಮೇಲೆ ಇವರು ಮೆಲ್ಲಗೆ, ಒಳ್ಳೇ ಕೆಲಸ ಮಾಡಿದೆ ಎಂದರು. ಇಪ್ಪತ್ತು ವರ್ಷ ತಡವಾಗಿ ಒಂದು ಕಡೆ ಸೇರಿದ್ದಾರೆ.

ಯಾರಾದರೂ ಈ ಪುಸ್ತಕ ಓದಿದರೆ ತಪ್ಪು ತಿಳಿಯಬಾರದೆಂದು ಬರೆದಿಡುತ್ತೇನೆ: ನಾನೇನೂ ಬಿಟ್ಟುಕೊಟ್ಟಿಲ್ಲ. ನಿಯಮ ಅಂದಮೇಲೆ ನಿಯಮ.

ಆಗಸ್ಟ್ 16, ಶನಿವಾರ

ಹೋದಳು. ಒಂದು ಕುಕ್ಕರು, ಸಾರಿನಪುಡಿ ಎರಡು ಡಬ್ಬ, ಹನ್ನೊಂದು ಜೊತೆ ಬೂಟು. ನನ್ನ ಲೋಟದಿಂದ ಅಳೆದು ಅನ್ನಕ್ಕೆ ನೀರಿನ ಗೆರೆಯನ್ನು ಕುಕ್ಕರಿಗೇ ಎಳೆದುಕೊಟ್ಟಿದ್ದೇನೆ. ಅವರ ಮನೆಯ ನಿಯಮ ಒಂದು ಹೇಳಿದಳು: ಬರುವ ಮೊದಲು ಮೆಸೇಜ್ ಮಾಡಬೇಕು. ಹೆತ್ತ ತಾಯಿಗೂ ಅಪಾಯಿಂಟ್‌ಮೆಂಟು. ನಿಟ್ಟುಸಿರು ಬಿಡಲಿಲ್ಲ. ಕಾರಿನಲ್ಲಿ ಬಿಟ್ಟೆ.

ಸಂಜೆ ಸೆಪ್ಟೆಂಬರಿನ ಓಟಕ್ಕೆ ಹೆಸರು ಕೊಟ್ಟೆ. ಕನ್ನಡಕ ಹಾಕಿಕೊಂಡು, ಸಣ್ಣಕ್ಷರವನ್ನೆಲ್ಲ ಓದಿ, ಮೊದಲನೆಯ ವರ್ಗ. ವೇದವತಿ, ಕೆ 45. ಓದಿಕೊಳ್ಳಲಿ ಊರು.

ಸೆಪ್ಟೆಂಬರ್ 7, ಭಾನುವಾರ

ಸಂಜೆ ನಾಲ್ಕಕ್ಕೆ ಸುಮ್ಮನೆ ಎಂದು ಹೊರಟೆ. ಎಲ್ಲಿಗೆ ಎಂದು ಇವರು ಕೇಳಿದರು, ಗೊತ್ತಿಲ್ಲ ಎಂದೆ. ನಿಜವಾಗಿ ಗೊತ್ತಿರಲಿಲ್ಲ. ಕಂಬದಿಂದ ಕಂಬಕ್ಕೆ ಹೋಗುತ್ತಾ ಹೋಗುತ್ತಾ ರೀಡ್ ಬಂದುಬಿಟ್ಟಿತು.

ಅವಳ ಕಟ್ಟಡದ ಎದುರು ನಿಂತೆ. ಎರಡನೆಯ ಮಹಡಿ, ಅಡುಗೆಮನೆಯ ಕಿಟಕಿ ತೆರೆದಿತ್ತು. ಹಸಿರು ಪರದೆ. ಒಗ್ಗರಣೆಯ ವಾಸನೆ ಬೀದಿಯವರೆಗೆ ಬರುತ್ತಿತ್ತು, ಸಾಸಿವೆ ಸೀದಿತ್ತು. ಒಳಗೆ ಇಬ್ಬರು ಹುಡುಗಿಯರ ನಗು. ಬೆಲ್ಲಿನ ಹತ್ತಿರ ಅವಳ ಹೆಸರು ಸಣ್ಣ ಚೀಟಿಯಲ್ಲಿತ್ತು. ಬೆರಳು ಅಲ್ಲಿಯವರೆಗೆ ಹೋಯಿತು. ಮೆಸೇಜ್ ಮಾಡಿರಲಿಲ್ಲ. ಫೋನೇ ತಂದಿರಲಿಲ್ಲ. ಗೇಟಿನ ಕಂಬ ಮುಟ್ಟಿ ವಾಪಸ್ಸು ಓಡಿದೆ.

ಮನೆಗೆ ಬಂದು ನೋಡಿದರೆ ಫೋನಿನಲ್ಲಿ ಅವಳ ಮೆಸೇಜ್: ಅಮ್ಮಾ, ಕಿಟಕಿಯಿಂದ ನೋಡಿದೆ, ಬೆಲ್ ಯಾಕೆ ಒತ್ತಲಿಲ್ಲ? ಎಷ್ಟು ನಿಮಿಷ ಆಯ್ತು?

ಗಡಿಯಾರ ಕಟ್ಟಿಕೊಂಡಿರಲಿಲ್ಲ, ಸಾಸಿವೆ ಚಟಪಟ ಅಂದ ತಕ್ಷಣ ಒಲೆ ಸಣ್ಣ ಮಾಡಬೇಕು, ಎಂದು ಬರೆದೆ.

ಸ್ನಾನ ಮುಗಿಸಿ ಬಂದೆ. ಆಮೇಲೆ ಉತ್ತರ ಬಂತು: ಮುಂದಿನ ಭಾನುವಾರ ಬಂದು ತೋರಿಸು. ನೀನು ಮೆಸೇಜ್ ಮಾಡದೇ ಬರಬಹುದು.

ಹತ್ತು ಕಿಲೋಮೀಟರಾಗಿದೆ ಇವತ್ತು. ಹೇಗನಿಸಿತು ಎಂಬ ಅಂಕಣದಲ್ಲಿ ಮೊದಲ ಸಲ ಬರೆದೆ: ಚೆನ್ನಾಗಿತ್ತು. ಒಂದಂಗುಲದಲ್ಲಿ ಹಿಡಿಯಿತು.

ಭಾನುವಾರ ಹೋಗುತ್ತೇನೆ. ಮೆಸೇಜ್ ಮಾಡಿಯೇ ಹೋಗುತ್ತೇನೆ. ನಿಯಮ ಅಂದಮೇಲೆ ನಿಯಮ.